ಟ್ಯಾಂಕರ್ ಮಗುಚಿದೆಯಾ? ಬಿಂದಿಗೆ ಕೆಳಗಿಡಿ, ನಂಬರ್ ಓದಿ

ನಮ್ಮ ಕಡೆ ಟ್ಯಾಂಕರ್ ಮಗುಚಿತು ಅಂದರೆ ಜನ ಓಡುವುದು ದೂರಕ್ಕಲ್ಲ, ಹತ್ತಿರಕ್ಕೆ. ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದು ಕೈಯಲ್ಲಿ ವಿಡಿಯೋ ಆನ್ ಆಗಿರುವ ಫೋನು. ಡೀಸೆಲ್ ಆಗಿದ್ದರೆ ಪಂಪ್‌ಸೆಟ್ಟಿಗೆ ಆಗುತ್ತದೆ, ಪೆಟ್ರೋಲ್ ಆಗಿದ್ದರೆ ಬೈಕಿಗೆ. ಎರಡೂ ಅಲ್ಲದಿದ್ದರೆ? ಅದನ್ನು ಕೇಳುವವರು ಕಡಿಮೆ.

ಕೇಳಬೇಕಾದ ಪ್ರಶ್ನೆ ಮಾತ್ರ ಅದೇ. ಉತ್ತರ ಆ ಟ್ಯಾಂಕರಿನ ಮೈಮೇಲೆ ನಾಲ್ಕು ಅಂಕಿಯಲ್ಲಿ ಬರೆದಿರುತ್ತದೆ. ಆ ಅಂಕಿ ಹಿಡಿದು ಒಳಗಿರುವುದೇನು, ಎಷ್ಟು ದೂರ ನಿಲ್ಲಬೇಕು, ನೀರು ಹಾಕಬಹುದಾ ಬೇಡವಾ ಅಂತ ಒಂದೆರಡು ನಿಮಿಷದಲ್ಲಿ ಹುಡುಕಿ ತೆಗೆಯಲು ಒಂದು ಪುಸ್ತಕ ಇದೆ. ಹೆಸರು ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್, ಚಿಕ್ಕದಾಗಿ ಇಆರ್‌ಜಿ. ಅಮೆರಿಕ, ಕೆನಡಾ, ಮೆಕ್ಸಿಕೋ ಸರ್ಕಾರಗಳು ಸೇರಿ ತರುವ ಪುಸ್ತಕ. ನಾಲ್ಕು ವರ್ಷಕ್ಕೊಮ್ಮೆ ಹೊಸದಾಗುತ್ತದೆ, ನಾನು ಬಳಸುವುದು 2024ರದ್ದು. ಪಿಡಿಎಫ್ ಪುಕ್ಕಟೆ, ಫೋನಿನ ಆ್ಯಪ್ ಕೂಡ ಪುಕ್ಕಟೆ. ಅಮೆರಿಕದ ಪುಸ್ತಕ ಮದ್ದೂರಿನಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ ಅಂತ ಕೇಳಬಹುದು. ಆ ನಾಲ್ಕು ಅಂಕಿ ವಿಶ್ವಸಂಸ್ಥೆ ಕೊಟ್ಟದ್ದು, ಅದಕ್ಕೇ ಯುಎನ್ ನಂಬರ್ ಅನ್ನುವುದು. ಕೆನಡಾದಲ್ಲೂ 1203 ಅಂದರೆ ಪೆಟ್ರೋಲೇ, ಗೆಜ್ಜಲಗೆರೆಯಲ್ಲೂ 1203 ಅಂದರೆ ಪೆಟ್ರೋಲೇ. ಪುಸ್ತಕದಲ್ಲಿರುವ ಫೋನ್ ನಂಬರುಗಳು ಮಾತ್ರ ನಮಗೆ ಬೇಡ. ನಮಗೆ 112 ಇದೆ.

ನಾನು ಒಂದು ಫ್ಯಾಕ್ಟರಿಯ ಸೇಫ್ಟಿ ವಿಭಾಗದಲ್ಲಿದ್ದೇನೆ. ದಿನಾ ಮಂಡ್ಯದಿಂದ ಮೈಸೂರಿಗೆ ಓಡಾಟ. ಈ ಪುಸ್ತಕ ನನಗೆ ಗೊತ್ತು ಅಂತ ಸ್ವಲ್ಪ ಜಂಬವೂ ಇತ್ತು. ಆ ಜಂಬ ಇಳಿದ ಕಥೆ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಇಲ್ಲಿ ಹೇಳುವ ಅರ್ಧ ವಿಷಯ ನಾನು ಕಲಿತದ್ದು ಅವತ್ತೇ.

ಶ್ರೀರಂಗಪಟ್ಟಣ ಬಿಟ್ಟು ಸ್ವಲ್ಪ ದೂರ, ಸರ್ವೀಸ್ ರೋಡು, ಸಂಜೆ ಹೊತ್ತು, ಜಿಟಿಜಿಟಿ ಮಳೆ. ಒಂದು ಸಣ್ಣ ಟ್ಯಾಂಕರ್ ಪಕ್ಕಕ್ಕೆ ನಿಂತಿತ್ತು. ಹಿಂದಿನ ವಾಲ್ವಿನಿಂದ ಏನೋ ತೊಟ್ಟಿಕ್ಕುತ್ತಿತ್ತು. ಕ್ಲೀನರ್ ಹುಡುಗ ಬಕೆಟ್ಟಿನಲ್ಲಿ ನೀರು ತಂದು ಹುಯ್ಯಲು ರೆಡಿಯಾಗಿದ್ದ. ನಾನು ಬೈಕ್ ನಿಲ್ಲಿಸಿ ದೂರದಿಂದಲೇ ಬೋರ್ಡು ಓದಿದೆ, 1380 ಅಂತ ಕಂಡಿತು. ಆ್ಯಪಿನಲ್ಲಿ ಹಾಕಿದೆ. ಪೆಂಟಾಬೋರೇನ್ ಅಂತ ಬಂತು. ಗಾಳಿ ತಾಕಿದರೆ ತಾನಾಗಿಯೇ ಹೊತ್ತಿಕೊಳ್ಳುವ, ಮೇಲಿಂದ ವಿಷವೂ ಆಗಿರುವ ವಸ್ತು. ಮಳೆಯಲ್ಲೂ ಬೆವರಿದೆ. ಆಮೇಲೆ ಅನ್ನಿಸಿತು, ಅಂಥದ್ದು ಈ ರಸ್ತೆಯಲ್ಲಿ ಯಾಕೆ ಬರುತ್ತದೆ, ಬಂದಿದ್ದರೆ ಇಷ್ಟು ಹೊತ್ತಿಗೆ ಬೆಂಕಿ ಕಾಣಬೇಕಿತ್ತಲ್ವಾ? ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿದರೆ ಬಣ್ಣ ಅರ್ಧ ಎದ್ದಿದ್ದ ಆ ನಂಬರು 1830. ಪಕ್ಕದಲ್ಲೇ ಸಲ್ಫ್ಯೂರಿಕ್ ಆಸಿಡ್ ಅಂತ ಹೆಸರೂ ಇತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ.

ಅಷ್ಟರಲ್ಲಿ ಡ್ರೈವರ್ ಕೂಗಿದ, "ಸುಮ್ಕಿರಣ್ಣೋ, ಬರೀ ಆಸಿಡ್ಡು, ಎಲ್ಡ್ ಬಕೀಟ್ ನೀರ್ ಉಯ್ದ್ರೆ ಹೋಯ್ತದೆ!" ಬಕೆಟ್ ಕೆಳಗಿಡಿಸಲು ನನಗೆ ಗಂಟಲು ಹರಿದುಹೋಯಿತು. ಗಟ್ಟಿ ಸಲ್ಫ್ಯೂರಿಕ್ ಆಸಿಡ್ಡಿಗೆ ನೀರು ಬಿದ್ದರೆ ಕುದಿಯುವ ಹಾಗೆ ಕಾಯುತ್ತದೆ, ಸಿಡಿಯುತ್ತದೆ, ಸಿಡಿಯುವುದು ಹುಯ್ದವನ ಮುಖಕ್ಕೆ. ಬೋರ್ಡಿನ ಮೇಲಿದ್ದ ಕಂಪನಿ ಫೋನ್ ನಂಬರಿಗೆ ಮಾಡೋಣ ಅಂದರೆ ಅದರಲ್ಲಿ ಕೊನೆಯ ಅಂಕಿಯೇ ಅಳಿಸಿಹೋಗಿತ್ತು. ಯಾವ ಕಂಪನಿ ಅಂತ ಇಲ್ಲಿ ಹೇಳುವುದಿಲ್ಲ. ಒಂದು ಡಬ್ಬ ಪೇಂಟಿಗೆ ಎಷ್ಟಾಗುತ್ತದೆ ಅಂತ ಮಾತ್ರ ಕೇಳಬೇಕು ಅನ್ನಿಸಿತು.

ಹಾಗಾಗಿ ಮೊದಲ ಪಾಠ: ನಂಬರ್ ಓದಿದ ಮೇಲೆ ಪುಸ್ತಕ ತೋರಿಸುವ ಹೆಸರನ್ನು ಬೋರ್ಡಿನ ಹೆಸರಿಗೆ ತಾಳೆ ನೋಡಿ. ಎರಡೂ ಒಂದೇ ಆದರೆ ಮಾತ್ರ ಪುಸ್ತಕದಲ್ಲಿ ಮುಂದಕ್ಕೆ ಹೋಗಿ.

ಆದರೆ ಓದುವುದಕ್ಕೂ ಮುಂಚೆ ನಿಲ್ಲುವ ಜಾಗ ಸರಿ ಮಾಡಿಕೊಳ್ಳಬೇಕು. ಗಾಳಿ ನಿಮ್ಮ ಬೆನ್ನಿಗೆ ಬೀಸಬೇಕು, ಮುಖಕ್ಕಲ್ಲ. ಗಾಳಿ ಯಾವ ಕಡೆ ಅಂತ ತಿಳಿಯಲು ನಮ್ಮಲ್ಲಿ ಉಪಕರಣ ಏನೂ ಬೇಡ. ಆಲೆಮನೆ ಹೊಗೆ ಯಾವ ಕಡೆ ವಾಲುತ್ತಿದೆ ನೋಡಿ. ತೆಂಗಿನ ಗರಿ ನೋಡಿ, ಕಬ್ಬಿನ ಸೂಲಂಗಿ ನೋಡಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಒಣ ಮಣ್ಣು ತೂರಿ. ಇನ್ನೊಂದು, ತಗ್ಗಿನಲ್ಲಿ ನಿಲ್ಲಬೇಡಿ. ಎಲ್‌ಪಿಜಿ, ಪೆಟ್ರೋಲ್ ಆವಿ, ಕ್ಲೋರಿನ್ ಇವೆಲ್ಲ ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗಿಗೆ ಹರಿಯುತ್ತವೆ. ನಮ್ಮ ಹೈವೇಯಲ್ಲಿ ತಗ್ಗು ಅಂದರೆ ಅಂಡರ್‌ಪಾಸ್, ಚರಂಡಿ, ವಿ.ಸಿ. ನಾಲೆಯ ಏರಿಯ ಕೆಳಗಿನ ಗದ್ದೆ. ಮಳೆ ಬಂದಾಗ ಬೈಕಿನವರೆಲ್ಲ ಅಂಡರ್‌ಪಾಸ್ ಕೆಳಗೆ ಸೇರಿಕೊಳ್ಳುತ್ತಾರಲ್ಲ, ಮೇಲೆ ಗ್ಯಾಸ್ ಟ್ಯಾಂಕರ್ ಸೋರುತ್ತಿದ್ದರೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಎಷ್ಟು ದೂರ ಅಂತ ಗೊತ್ತಾಗುವ ಮುಂಚೆ ಎಷ್ಟು ದೂರ ನಿಲ್ಲಬೇಕು? ಕೈ ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ. ಟ್ಯಾಂಕರ್ ಹೆಬ್ಬೆರಳಿನ ಹಿಂದೆ ಪೂರ್ತಿ ಮರೆಯಾಗದಿದ್ದರೆ ನೀವು ಜಾಸ್ತಿ ಹತ್ತಿರ ಇದ್ದೀರಿ. ಇದು ಫೈರ್‌ನವರ ಹಳೆಯ ಲೆಕ್ಕ. ಪಕ್ಕಾ ಅಳತೆ ಅಲ್ಲ, ಆದರೆ ಮನುಷ್ಯನನ್ನು ಹಿಂದಕ್ಕೆ ತಳ್ಳುತ್ತದೆ, ಅದೇ ಬೇಕಾಗಿದ್ದು. ಅಷ್ಟು ದೂರದಿಂದ ಬೋರ್ಡು ಬರಿಗಣ್ಣಿಗೆ ಕಾಣುವುದಿಲ್ಲ. ಫೋನ್ ಕ್ಯಾಮೆರಾ ಜೂಮ್ ಮಾಡಿ ಒಂದು ಫೋಟೋ ತೆಗೆದು, ಆಮೇಲೆ ಫೋಟೋ ದೊಡ್ಡದು ಮಾಡಿಕೊಂಡು ಓದಿ.

ಈಗ ಪುಸ್ತಕ. ಪುಟಗಳಿಗೆ ಬಣ್ಣ ಇದೆ, ಬಣ್ಣ ಗೊತ್ತಾದರೆ ಪುಸ್ತಕ ಗೊತ್ತಾದ ಹಾಗೆ. ಹಳದಿ ಪುಟದಲ್ಲಿ ಯುಎನ್ ನಂಬರ್ ಪ್ರಕಾರ ಪಟ್ಟಿ, ನೀಲಿಯಲ್ಲಿ ಹೆಸರಿನ ಪ್ರಕಾರ. ಎರಡೂ ನಿಮಗೆ ಕೊಡುವುದು ಮೂರಂಕಿಯ ಒಂದು ಗೈಡ್ ನಂಬರ್, ಅದು 111ರಿಂದ ಶುರು. ಆ ಗೈಡ್ ಕಿತ್ತಳೆ ಪುಟದಲ್ಲಿರುತ್ತದೆ, ಏನು ಮಾಡಬೇಕು ಅನ್ನುವುದೆಲ್ಲ ಅಲ್ಲೇ. ಹಸಿರು ಪುಟದಲ್ಲಿ ದೂರದ ಲೆಕ್ಕ. ಬಿಳಿ ಪುಟದಲ್ಲಿ ವಜ್ರದಾಕಾರದ ಚೀಟಿಗಳ ಚಿತ್ರ ಮತ್ತು ಉಳಿದ ವಿವರಣೆ.

ಪೆಟ್ರೋಲ್ ಟ್ಯಾಂಕರನ್ನೇ ತೆಗೆದುಕೊಳ್ಳಿ. 1203, ಹಳದಿ ಪುಟ, ಗೈಡ್ 128. ಡೀಸೆಲ್ 1202, ಅದಕ್ಕೂ ಗೈಡ್ 128. ಕಿತ್ತಳೆ ಪುಟದ ಶುರುವಿನಲ್ಲೇ ಅಪಾಯ ಏನು ಅಂತ ಇರುತ್ತದೆ, ಬೆಂಕಿ ಒಂದು ಭಾಗ, ಆರೋಗ್ಯ ಇನ್ನೊಂದು ಭಾಗ. ಯಾವುದು ಮೊದಲು ಬರೆದಿದೆ ಅಂತ ಗಮನಿಸಿ, ಯಾಕಂದರೆ ದೊಡ್ಡ ಅಪಾಯವನ್ನೇ ಮೊದಲು ಬರೆಯುತ್ತಾರೆ. 128ರಲ್ಲಿ ಬೆಂಕಿ ಮೊದಲು. ಕ್ಲೋರಿನ್‌ನ ಗೈಡ್ 124ರಲ್ಲಿ ಆರೋಗ್ಯ ಮೊದಲು. ಆಮೇಲೆ ದೂರ: ಸೋರುತ್ತಿದ್ದರೆ ಸುತ್ತ ಎಲ್ಲ ಕಡೆಗೂ ಕಡಿಮೆ ಅಂದರೂ 50 ಮೀಟರ್ ಖಾಲಿ ಮಾಡಿಸಿ, ಜಾಸ್ತಿ ಚೆಲ್ಲಿದ್ದರೆ ಗಾಳಿ ಹೋಗುವ ದಿಕ್ಕಿನಲ್ಲಿ 300 ಮೀಟರ್, ಟ್ಯಾಂಕರಿಗೇ ಬೆಂಕಿ ಹತ್ತಿದ್ದರೆ ಎಲ್ಲ ಕಡೆಗೂ 800 ಮೀಟರ್. 800 ಮೀಟರ್ ಅಂದರೆ ಬಿಂದಿಗೆ ಹಿಡಿದು ನಿಲ್ಲುವ ದೂರ ಅಲ್ಲ, ಟ್ಯಾಂಕರ್ ಚುಕ್ಕಿಯ ಹಾಗೆ ಕಾಣುವ ದೂರ.

ಎಲ್‌ಪಿಜಿ 1075, ಗೈಡ್ 115. ಇದರಲ್ಲಿ ಟ್ಯಾಂಕರಿಗೆ ಬೆಂಕಿ ಅಂದರೆ 1600 ಮೀಟರ್. ಅಂದರೆ ಒಂದೂವರೆ ಕಿಲೋಮೀಟರಿಗೂ ಮೇಲೆ. ಸುಮ್ನೆ ಹೆದರಿಸಲು ಬರೆದದ್ದಲ್ಲ. ಬೆಂಕಿಯಲ್ಲಿ ಕಾದ ಟ್ಯಾಂಕ್ ಒಡೆದರೆ ಅದರ ಚೂರುಗಳು ಆಕಾಶಬಾಣದ ಹಾಗೆ ಹಾರುತ್ತವೆ. ಈ ಗೈಡಿನಲ್ಲಿ ಎರಡು ಮಾತು ಬಾಯಿಪಾಠ ಆಗಬೇಕು. ಸೋರಿಕೆ ನಿಲ್ಲಿಸಲು ಆಗದಿದ್ದರೆ ಉರಿಯುತ್ತಿರುವ ಗ್ಯಾಸನ್ನು ಆರಿಸಬೇಡಿ. ವಿಚಿತ್ರ ಅನ್ನಿಸುತ್ತದೆ ಅಲ್ವಾ, ಆದರೆ ಆರಿಸಿದರೆ ಉರಿಯದ ಗ್ಯಾಸು ಸುತ್ತ ತುಂಬಿಕೊಂಡು ಎಲ್ಲೋ ಒಂದು ಕಿಡಿಗೆ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಎರಡನೆಯದು, ಸೇಫ್ಟಿ ವಾಲ್ವಿನ ಶಬ್ದ ಜೋರಾಗುತ್ತಾ ಹೋದರೆ ಅಥವಾ ಟ್ಯಾಂಕಿನ ಬಣ್ಣ ಬದಲಾದರೆ ಮಾತಿಲ್ಲದೆ ಓಡಿ.

ಹಸಿರು ಪುಟಕ್ಕೆ ಯಾವಾಗ ಹೋಗಬೇಕು? ಹಳದಿ ಅಥವಾ ನೀಲಿ ಪುಟದಲ್ಲಿ ಆ ವಸ್ತುವಿನ ಸಾಲಿಗೆ ಹಸಿರು ಬಣ್ಣ ಬಳಿದಿದ್ದರೆ. ಹಾಗಿದ್ದರೆ ಅದು ಉಸಿರಿಗೆ ಹೋದರೆ ವಿಷ, ಇಲ್ಲವೇ ನೀರಿಗೆ ಬಿದ್ದರೆ ಅಂಥ ವಿಷದ ಗ್ಯಾಸು ಬಿಡುವಂಥದ್ದು. ಬೆಂಕಿ ಇಲ್ಲದಿದ್ದರೆ ನೇರ ಹಸಿರಿಗೆ ಹೋಗಿ. ಬೆಂಕಿ ಇದ್ದರೆ ಕಿತ್ತಳೆ ಗೈಡ್ ಮೊದಲು.

ನಮ್ಮ ಕಡೆ ಈ ಗುಂಪಿನಲ್ಲಿ ಮುಖ್ಯವಾದವು ಎರಡು. ಒಂದು ಅಮೋನಿಯಾ, 1005, ಗೈಡ್ 125. ಹಾಲಿನ ಡೇರಿ, ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್ ಇರುವ ಕಡೆ ತಂಪು ಮಾಡಲು ಬಳಸುತ್ತಾರೆ. ಇನ್ನೊಂದು ಕ್ಲೋರಿನ್, 1017, ಕುಡಿಯುವ ನೀರು ಶುದ್ಧ ಮಾಡುವ ಕಡೆ. ಕ್ಲೋರಿನ್ ಸಿಲಿಂಡರ್ ಹಳೆಯದಾಗಿ ಗುಜರಿ ಅಂಗಡಿ ಸೇರಿಬಿಟ್ಟರೆ ಅಲ್ಲಿ ಅದನ್ನು ಗ್ಯಾಸ್ ಕಟರ್ ಹಿಡಿದು ಕತ್ತರಿಸಲು ಹೊರಡುತ್ತಾರೆ. ಖಾಲಿ ಅಂದುಕೊಂಡಿರುತ್ತಾರೆ, ತಳದಲ್ಲಿ ಸ್ವಲ್ಪ ಉಳಿದಿದ್ದರೂ ಒಂದು ಬೀದಿಗೆ ಸಾಕು.

ಹಸಿರು ಪುಟದಲ್ಲಿ ಸಣ್ಣ ಸೋರಿಕೆ, ದೊಡ್ಡ ಸೋರಿಕೆ ಅಂತ ಎರಡು ಭಾಗ. 208 ಲೀಟರಿನವರೆಗೆ ಸಣ್ಣದು, ಅಂದರೆ ಹೆಚ್ಚುಕಡಿಮೆ ಒಂದು ಡ್ರಮ್ಮು. ಪ್ರತಿ ಭಾಗದಲ್ಲೂ ಮತ್ತೆ ಹಗಲು, ರಾತ್ರಿ ಅಂತ ಎರಡು ಕಾಲಂ. ಅಮೋನಿಯಾ ಸಣ್ಣ ಸೋರಿಕೆಗೆ ಸುತ್ತ 30 ಮೀಟರ್ ಖಾಲಿ ಮಾಡಿಸಬೇಕು, ಗಾಳಿ ಹೋಗುವ ಕಡೆ ಹಗಲಾದರೆ 100 ಮೀಟರ್‌ವರೆಗಿನ ಜನರನ್ನು ಕಾಪಾಡಬೇಕು, ರಾತ್ರಿಯಾದರೆ 200 ಮೀಟರ್. ಕ್ಲೋರಿನ್‌ಗೆ ಸುತ್ತ 60 ಮೀಟರ್, ಗಾಳಿ ದಿಕ್ಕಿನಲ್ಲಿ ರಾತ್ರಿಯ ದೂರ ಹಗಲಿನದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ.

ರಾತ್ರಿ ಯಾಕೆ ಜಾಸ್ತಿ? ಹಗಲು ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತಿರುತ್ತದೆ, ಗ್ಯಾಸು ಅದರ ಜೊತೆ ಕಲಸಿ ತೆಳ್ಳಗಾಗುತ್ತದೆ. ರಾತ್ರಿ ನೆಲ ತಣ್ಣಗೆ, ಗಾಳಿ ಮಲಗಿರುತ್ತದೆ. ಚಳಿಗಾಲದ ಬೆಳಗಿನ ಜಾವ ಗದ್ದೆಯ ಮೇಲೆ ಹೊಗೆ ಚಾಪೆ ಹಾಸಿದ ಹಾಗೆ ನಿಂತಿರುತ್ತದಲ್ಲ, ಗ್ಯಾಸೂ ಹಾಗೇ ನಿಲ್ಲುತ್ತದೆ, ದಟ್ಟವಾಗಿಯೇ ದೂರ ಹರಿಯುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲ್ ಅನಿಲ ಸೋರಿಕೆ ಆದದ್ದು ರಾತ್ರಿ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದ್ದೂ ಬೆಳಗಿನ ಜಾವ ಕತ್ತಲಲ್ಲೇ. ಜನ ನಿದ್ದೆಯಲ್ಲಿದ್ದರು ಅನ್ನುವುದು ಒಂದು, ಗಾಳಿಯೂ ನಿದ್ದೆಯಲ್ಲಿತ್ತು ಅನ್ನುವುದು ಇನ್ನೊಂದು. ಸ್ಟೈರೀನ್ 2055, ಅದರ ಗೈಡ್ 128ರ ಮುಂದೆ ಪಿ ಅಂತ ಒಂದು ಅಕ್ಷರ ಇರುತ್ತದೆ. ಬಿಸಿಯಾದರೆ ತನ್ನಷ್ಟಕ್ಕೆ ತಾನೇ ಕೂಡಿಕೊಳ್ಳುತ್ತಾ ಇನ್ನೂ ಬಿಸಿಯಾಗುವ ಜಾತಿ ಅಂತ ಅದರ ಅರ್ಥ. ಅಂಥ ಪಿ ಕಂಡರೆ ಇನ್ನೂ ಹಿಂದೆ ಸರಿಯಿರಿ.

ಅಮೋನಿಯಾ, ಕ್ಲೋರಿನ್, ಸಲ್ಫರ್ ಡೈಆಕ್ಸೈಡ್ ಸೇರಿದಂತೆ ಆರು ಗ್ಯಾಸುಗಳ ದೊಡ್ಡ ಸೋರಿಕೆಗೆ ಬೇರೆಯೇ ಒಂದು ಕೋಷ್ಟಕ ಇದೆ, ಅದರಲ್ಲಿ ಗಾಳಿಯ ವೇಗವನ್ನೂ ನೋಡಬೇಕು. ಗಾಳಿ ಮೆಲ್ಲಗಿದ್ದಷ್ಟೂ ದೂರ ಜಾಸ್ತಿ, ಕಾರಣ ಮೇಲೆ ಹೇಳಿದ್ದೇ.

ಈ ಹಸಿರು ಪುಟದ ಲೆಕ್ಕ ಘಟನೆಯ ಮೊದಲ ಅರ್ಧ ಗಂಟೆಗೆ ಅಂತ ಮಾಡಿದ್ದು, ಮತ್ತೆ ಈ ಪುಸ್ತಕ ಬರೆದಿರುವುದು ರಸ್ತೆ ಮೇಲೆ, ರೈಲಿನಲ್ಲಿ ಸಾಗಿಸುವಾಗ ಆಗುವ ಅವಘಡಕ್ಕೆ. ಫ್ಯಾಕ್ಟರಿ ಒಳಗಿನ ದೊಡ್ಡ ಟ್ಯಾಂಕಿಗೆ ಇದನ್ನೇ ಹಿಡಿದುಕೊಂಡು ಕೂರಬೇಡಿ, ಅಲ್ಲಿಗೆ ಆ ಫ್ಯಾಕ್ಟರಿಯದೇ ತುರ್ತು ಯೋಜನೆ ಇರಬೇಕು. ಹೂಟಗಳ್ಳಿ, ಹೆಬ್ಬಾಳ, ನಂಜನಗೂಡು ಕಡೆ ಕೆಲಸ ಮಾಡುವವರು ನಿಮ್ಮ ಫ್ಯಾಕ್ಟರಿಯಲ್ಲಿ ಅದು ಎಲ್ಲಿದೆ ಅಂತ ಒಂದು ಸಲ ಕೇಳಿ. ಯಾರದೋ ಬೀರುವಿನಲ್ಲಿ ಬೀಗ ಹಾಕಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇನ್ನು ನಮ್ಮ ದೇಶದ ಬೋರ್ಡಿನಲ್ಲಿ ಕಾಣುವ, ಆದರೆ ಈ ಪುಸ್ತಕ ಬಳಸದ ಒಂದು ಸಂಗತಿ. ಕೇಂದ್ರ ಮೋಟಾರು ವಾಹನ ನಿಯಮ 1989ರ ಪ್ರಕಾರ ಅಪಾಯದ ರಾಸಾಯನಿಕ ಸಾಗಿಸುವ ಗಾಡಿಯ ಮೇಲೆ ತುರ್ತು ಮಾಹಿತಿ ಬೋರ್ಡು ಇರಬೇಕು. ಅದರಲ್ಲಿ ವಸ್ತುವಿನ ಹೆಸರು, ಯುಎನ್ ನಂಬರ್, ವಜ್ರದಾಕಾರದ ಚೀಟಿ, ಫೋನ್ ನಂಬರ್, ಜೊತೆಗೆ ಹ್ಯಾಜ್‌ಕೆಮ್ ಅಂತ ಒಂದು ಪುಟ್ಟ ಕೋಡ್. ಪೆಟ್ರೋಲಿಗೆ 3ವೈಇ, ಸಲ್ಫ್ಯೂರಿಕ್ ಆಸಿಡ್ಡಿಗೆ 2ಪಿ ಅನ್ನುವ ಥರ. ಈ ಕೋಡು ಬ್ರಿಟಿಷರದ್ದು. ಓದುವುದು ಸುಲಭ. ಮೊದಲ ಅಂಕಿ ಬೆಂಕಿಗೆ ಏನು ಬಳಸಬೇಕು ಅಂತ: 1 ಅಂದರೆ ದಪ್ಪ ಹನಿಯ ನೀರು, 2 ಅಂದರೆ ಸಣ್ಣ ತುಂತುರು, 3 ಅಂದರೆ ನೊರೆ, 4 ಅಂದರೆ ಒಣ ಪುಡಿ, ನೀರು ಸೋಕಿಸಲೇಬಾರದು. ಆಮೇಲೆ ಬರುವ ಅಕ್ಷರ ಪಿ, ಆರ್, ಎಸ್, ಟಿ ಆದರೆ ಚೆಲ್ಲಿದ್ದನ್ನು ಜಾಸ್ತಿ ನೀರಿನಲ್ಲಿ ತೊಳೆದು ಹರಿಬಿಡಬಹುದು. ಡಬ್ಲ್ಯು, ಎಕ್ಸ್, ವೈ, ಝಡ್ ಆದರೆ ಹರಿಯಲು ಬಿಡಬಾರದು, ಮಣ್ಣು ಕಟ್ಟಿ ತಡೆಯಬೇಕು. ಪಕ್ಕದಲ್ಲೇ ನಾಲೆ ಇರುವ ನಮ್ಮ ಊರುಗಳಿಗೆ ಈ ಅಕ್ಷರ ದೊಡ್ಡ ವಿಷಯ. ಕೊನೆಯಲ್ಲಿ ಇ ಇದ್ದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವ ಯೋಚನೆ ಮಾಡಿ ಅಂತ.

ಇಲ್ಲಿ ಯಾರಾದರೂ ಕೇಳುತ್ತೀರಿ, ಆಸಿಡ್ಡಿಗೆ 2ಪಿ ಅಂದರೆ ನೀರಲ್ಲಿ ತೊಳೆಯಬಹುದು ಅಂತಲ್ವಾ, ಆ ಕ್ಲೀನರ್ ಹುಡುಗ ಮಾಡಿದ್ದರಲ್ಲಿ ತಪ್ಪೇನು ಅಂತ. ಫೈರ್ ಇಂಜಿನ್‌ನವರು ಮೈತುಂಬ ಸೂಟು ಹಾಕಿಕೊಂಡು ದೂರದಿಂದ ಸಾವಿರಾರು ಲೀಟರ್ ತುಂತುರು ಹಾಕುವುದು ಬೇರೆ, ಚಪ್ಪಲಿ ಕಾಲಿನ ಹುಡುಗ ವಾಲ್ವಿನ ಮೇಲೆ ಒಂದು ಬಕೆಟ್ ಎರಚುವುದು ಬೇರೆ. ಗೈಡ್ 137 ಕೂಡ ಟ್ಯಾಂಕಿನೊಳಗೆ ನೀರು ಹೋಗಬಾರದು ಅಂತಲೇ ಒತ್ತಿ ಹೇಳುತ್ತದೆ. ಈ ಕೋಡುಗಳೆಲ್ಲ ಆ ಕೆಲಸ ಬಲ್ಲವರಿಗೆ. ನಮಗೆ ಅವು ಫೋನಿನಲ್ಲಿ ಓದಿ ಹೇಳಲು.

ಮಂಡ್ಯ ಕಡೆಯವರಿಗೆ ಇನ್ನೊಂದು ವಸ್ತು ಗೊತ್ತಿರಲೇಬೇಕು, ಎಥನಾಲ್. ಕಬ್ಬಿನಿಂದ ಬರುವುದು, 1170, ಗೈಡ್ 127. ಇದರ ಬೆಂಕಿ ಕಣ್ಣಿಗೆ ಕಾಣದೆ ಉರಿಯಬಹುದು. ಪುಸ್ತಕವೇ ಹೇಳುತ್ತದೆ, ಥರ್ಮಲ್ ಕ್ಯಾಮೆರಾ ಇಲ್ಲದಿದ್ದರೆ ಪೊರಕೆ ಕೋಲು ಮುಂದೆ ಹಿಡಿದು ಬೆಂಕಿ ಇದೆಯಾ ನೋಡಿ ಅಂತ. ಅಷ್ಟೆಲ್ಲ ತಾಂತ್ರಿಕ ಪುಸ್ತಕದಲ್ಲಿ ಪೊರಕೆ ಕೋಲು ಕಂಡು ನನಗೆ ನಗು ಬಂದಿತ್ತು. ಹಾಗಂತ ನೀವು ಪೊರಕೆ ಹಿಡಿದು ಹೋಗಬೇಡಿ. ಎಥನಾಲ್ ನೀರಿನಲ್ಲಿ ಕರಗುತ್ತದೆ, ಅದಕ್ಕೇ ಪೆಟ್ರೋಲಿಗೆ ಹಾಕುವ ಮಾಮೂಲಿ ನೊರೆ ಇದರ ಮೇಲೆ ಒಡೆದುಹೋಗುತ್ತದೆ, ಆಲ್ಕೋಹಾಲ್ ತಡೆಯುವ ನೊರೆಯೇ ಬೇಕು. ಶೇಕಡಾ 10ಕ್ಕಿಂತ ಜಾಸ್ತಿ ಎಥನಾಲ್ ಬೆರೆತ ಪೆಟ್ರೋಲಿಗೂ ಬೇರೆ ನಂಬರೇ ಇದೆ, 3475, ಗೈಡ್ 127. ಈಗ ನಾವು ಬಂಕಿನಲ್ಲಿ ಹಾಕಿಸುವ ಇ20 ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20. ಬೋರ್ಡಿನ ಮೇಲೆ 1203 ಇದೆಯಾ 3475 ಇದೆಯಾ ಅನ್ನುವುದು ನೊರೆ ತರುವವರಿಗೆ ಬೇಕಾದ ಮಾಹಿತಿ.

ನಂಬರೇ ಇಲ್ಲದಿದ್ದರೆ? ಚೀಟಿ ನೋಡಿ. ಕೆಂಪು ಅಂದರೆ ಹೊತ್ತಿಕೊಳ್ಳುವುದು, ನೀಲಿ ಅಂದರೆ ನೀರು ತಾಕಿದರೆ ಅಪಾಯ, ಹಳದಿ ಅಂದರೆ ಬೆಂಕಿಗೆ ಬಲ ಕೊಡುವುದು, ಬಿಳಿಯ ಮೇಲೆ ತಲೆಬುರುಡೆ ಅಂದರೆ ವಿಷ, ಮೇಲೆ ಬಿಳಿ ಕೆಳಗೆ ಕಪ್ಪು ಅಂದರೆ ಆಸಿಡ್ ಥರ ಸುಡುವುದು. ವೆಲ್ಡಿಂಗ್ ಶಾಪಿಗೆ ಹೋಗುವ ಕಾರ್ಬೈಡ್ ಡ್ರಮ್ಮಿನ ಮೇಲೆ ನೀಲಿ ಚೀಟಿ ಇರಬೇಕು, ನೀರು ಬಿದ್ದರೆ ಅಸಿಟಿಲೀನ್ ಗ್ಯಾಸು ಹುಟ್ಟುತ್ತದೆ. ಚೀಟಿ ಹಿಡಿದರೆ ಬಿಳಿ ಪುಟ ನಿಮ್ಮನ್ನು ಒಂದು ಗೈಡಿಗೆ ಕಳಿಸುತ್ತದೆ. ಚೀಟಿಯೂ ಇಲ್ಲ, ಬೋರ್ಡೂ ಇಲ್ಲ, ಅಥವಾ ಒಂದೇ ಲಾರಿಯಲ್ಲಿ ಹತ್ತು ಥರದ ಡ್ರಮ್ಮು ತುಂಬಿದ್ದಾರೆ ಅಂದರೆ ಗೈಡ್ 111, ಸುತ್ತ 100 ಮೀಟರ್. ಡ್ರೈವರ್ ಎಚ್ಚರವಾಗಿದ್ದರೆ ದೂರದಿಂದಲೇ ಕರೆದು ಕೇಳಿ. ಅವನ ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಅಂತ, ಸರಕಿನ ಅಪಾಯದ ವಿವರ ಬರೆದ ಒಂದು ಹಾಳೆ ಇರಬೇಕು, ಅದನ್ನು ತರಲು ನೀವು ಹೋಗಬೇಡಿ. ಮೂಸಿ ನೋಡಿ ಪತ್ತೆ ಹಚ್ಚುವ ಸಾಹಸವಂತೂ ಬೇಡವೇ ಬೇಡ.

ಯಾರ ಮೈಮೇಲಾದರೂ ಬಿದ್ದಿದ್ದರೆ, ಅವರು ಆಚೆ ಬಂದಿದ್ದರೆ, ಬಟ್ಟೆ ತೆಗೆಸಿ ಹರಿಯುವ ನೀರಿನಲ್ಲಿ ಕಡಿಮೆ ಅಂದರೂ 20 ನಿಮಿಷ, ಆಸಿಡ್ ಥರ ಸುಡುವುದಾದರೆ 30 ನಿಮಿಷ ತೊಳೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬೇಡಿ. ವಿಷದ ಗ್ಯಾಸು ಕುಡಿದವರಿಗೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಡಿ.

112ಕ್ಕೆ ಫೋನ್ ಮಾಡಿದಾಗ "ಟ್ಯಾಂಕರ್ ಪಲ್ಟಿ ಸಾರ್, ಬೇಗ ಬನ್ನಿ" ಅಂದರೆ ಸಾಲದು. ಹೀಗೆ ಹೇಳಿ: "ಮದ್ದೂರು ದಾಟಿ, ಮಂಡ್ಯಕ್ಕೆ ಬರುವ ಬದಿ, ಸರ್ವೀಸ್ ರೋಡು. ಯುಎನ್ ನಂಬರ್ ಒಂದು, ಎಂಟು, ಮೂರು, ಸೊನ್ನೆ. ಸಲ್ಫ್ಯೂರಿಕ್ ಆಸಿಡ್. ಹ್ಯಾಜ್‌ಕೆಮ್ 2ಪಿ. ವಾಲ್ವಿನಿಂದ ಸೋರುತ್ತಿದೆ, ಬೆಂಕಿ ಇಲ್ಲ. ಗಾಳಿ ಮಂಡ್ಯದ ಕಡೆ ಬೀಸುತ್ತಿದೆ, ನೀವು ಮದ್ದೂರಿನ ಕಡೆಯಿಂದ ಬನ್ನಿ." ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿ, ಆ ಕಡೆಯವರಿಂದ ವಾಪಸ್ ಹೇಳಿಸಿ. ಹದಿನೆಂಟು ಮೂವತ್ತು ಅಂದರೆ ಗದ್ದಲದಲ್ಲಿ ಹದಿಮೂರು ಎಂಬತ್ತು ಅಂತ ಕೇಳಿಸಬಹುದು. ಹಾಗೆ ಕೇಳಿಸಿದರೆ ಏನಾಗುತ್ತದೆ ಅಂತ ನಿಮಗೆ ಆಗಲೇ ಗೊತ್ತು.

ಆ್ಯಪ್ ಇವತ್ತೇ ಹಾಕಿಕೊಳ್ಳಿ, ಪಿಡಿಎಫ್ ಕೂಡ ಫೋನಿನಲ್ಲೇ ಇಟ್ಟುಕೊಳ್ಳಿ, ಹೈವೇಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಮುಂದಿನ ಸಲ ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ ಹಾದುಹೋಗುವ ಟ್ಯಾಂಕರುಗಳ ನಂಬರ್ ಓದಿ ಹುಡುಕಿ ನೋಡಿ. ನನ್ನ ಮಗಳು ಈಗ ನನಗಿಂತ ಬೇಗ ಹುಡುಕುತ್ತಾಳೆ. ಮೊನ್ನೆ ಒಂದು ಲಾರಿಯ ಹಿಂದೆ 1350 ಕಂಡಿತು, ಗಂಧಕ, ಗೈಡ್ 133 ಅಂದಳು. ಬೋರ್ಡಿನ ಹೆಸರು ನೋಡಿದೆಯಾ ಅಂತ ಕೇಳಿದೆ. ನೋಡಿದ್ದಳು.